ಮುಯ್ಯಾಳು (ಗೃಹನಿರ್ಮಾಣದಲ್ಲಿ)

ಕೂಲಿಯ ಮಾತೆತ್ತದೆ, ದುಡಿಮೆಗೆ ದುಡಿಮೆಯನ್ನೇ ಹಿಂದಿರುಗಿಸುವ ಒಪ್ಪಂದದ ಮೇಲೆ ನೆರೆಹೊರೆಯವರು ಪರಸ್ಪರ ನೆರವಾಗುವ ಗ್ರಾಮೀಣ ಪದ್ಧತಿ. ಹಳೆಯ ಮೈಸೂರು ಸೀಮೆಯಲ್ಲಿ ನಾಟಿ, ಕಳೆ, ಕೊಯ್ಲುಗಳಲ್ಲಿ ಪ್ರಧಾನವಾಗಿ ಬಳಕೆಯಲ್ಲಿದ್ದ ಈ ಸಂಪ್ರದಾಯವು ಮನೆಕಟ್ಟುವ ಕಾರ್ಯಕ್ಕೂ ವ್ಯಾಪಿಸಿತ್ತು. ಫಿನ್ಲೆಂಡಿನ ತಲ್ಕೂತ್, ಫಿಲಿಪೀನ್ಸಿನ ಬಯಾನಿಹಾನ್ ಇದೇ ಜಾತಿಯ ಆಚರಣೆಗಳು.

ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯಂತಹ, ಕೆಮ್ಮಣ್ಣು ಧಾರಾಳವಾಗಿ ದೊರೆಯುವ ರಾಗಿಯ ಸೀಮೆಯಲ್ಲಿ, ಒಕ್ಕಣೆ ಮುಗಿದು ಕಣ ಬರಿದಾದ ಬಳಿಕ ಮುಂಗಾರಿನ ಉಳುಮೆ ಮೊದಲಾಗುವವರೆಗಿನ ಬಿಡುವೇ ಗೃಹನಿರ್ಮಾಣಕ್ಕೆ ಪ್ರಶಸ್ತ ಕಾಲವಾಗಿತ್ತು. ಮಣ್ಣನ್ನು ನೆನೆಸಿ, ತುಳಿದು ಹದಗೊಳಿಸಿ, ಮುದ್ದೆಗಳನ್ನು ಕೈಯಿಂದ ಕೈಗೆ ದಾಟಿಸಿ ಗೋಡೆಯಿಡುತ್ತಿದ್ದರು. ಹಸಿಗೋಡೆ ತನ್ನ ಭಾರಕ್ಕೆ ತಾನೇ ಕುಸಿಯದಿರಲೆಂದು ಒಂದು ವರಸೆ ಒಣಗಿದ ಹೊರತು ಮತ್ತೊಂದನ್ನು ಏರಿಸುತ್ತಿರಲಿಲ್ಲವಾದುದರಿಂದ, ನೆರವಿಗೆ ಬಂದವರಿಗೆ ನಡುವಣ ದಿನಗಳಲ್ಲಿ ತಮ್ಮ ಮನೆವಾರ್ತೆಯನ್ನು ನೋಡಿಕೊಳ್ಳಲು ಅವಕಾಶವಿರುತ್ತಿತ್ತು. ತೊಲೆಗಳನ್ನೂ ಕಲ್ಲುಚಪ್ಪಡಿಗಳನ್ನೂ ಎತ್ತುವ ದಿನ ಮಾತ್ರ ಅನೇಕರ ಹೆಗಲು ಏಕಕಾಲಕ್ಕೆ ಬೇಕಾಗುತ್ತಿತ್ತು. ನೀರು ಹೊರುವುದು, ನೆಲಕ್ಕೆ ಸಗಣಿ ಸಾರಿಸುವುದು, ಗೋಡೆಗೆ ಕಾರಣೆ ಬಳಿಯುವುದು ಬಹುಮಟ್ಟಿಗೆ ಹೆಂಗಸರ ಪಾಲು. ಬಡಗಿಯ ಕುಶಲ ಕರ್ಮಕ್ಕೆ ದವಸವೋ ಹಣವೋ ಸಲ್ಲುತ್ತಿತ್ತು. ಮುಯ್ಯಾಳಾಗಿ ಬಂದವರಿಗೆ ಮನೆಯೊಡೆಯನು ಮುದ್ದೆ, ಸಾರಿನ ಊಟವಿಕ್ಕುತ್ತಿದ್ದನು. ಲೆಕ್ಕವು ಬರೆಹದಲ್ಲಿಲ್ಲದಿದ್ದರೂ ಸ್ಮೃತಿಯಲ್ಲಿ ಸ್ಥಿರವಾಗಿರುತ್ತಿದ್ದು, ಅದನ್ನು ತೀರಿಸದಿರುವುದು ಮರ್ಯಾದೆಗೆ ಕುಂದೆನಿಸುತ್ತಿತ್ತು. ಕೈಯಲ್ಲಿ ಹಣವಿಲ್ಲದ ಸಂಸಾರವೂ ಸಾಲದ ಶೂಲಕ್ಕೆ ಸಿಕ್ಕದೆ ಸೂರು ಕಾಣಲು ಸಾಧ್ಯವಾದುದು ಈ ವಿಶ್ವಾಸದ ಬಲದಿಂದಲೇ.

ಆದರೆ ಈ ವಿನಿಮಯವು ಸಮಾನರ ನಡುವಣದು. ಜೀತ, ಬಿಟ್ಟಿಗಳ ಹೆಸರಿನಲ್ಲಿ ದೀನರಿಂದ ಪಡೆದ ದುಡಿಮೆಗೆ ಪ್ರತಿಯಾಗಿ ಉಳ್ಳವರು ಅವರ ಗುಡಿಸಲಿಗೆ ಹೆಗಲು ಕೊಟ್ಟವರಲ್ಲ. ಆದಕಾರಣ ಅದನ್ನು ಮುಯ್ಯಾಳೆಂದು ಎಣಿಸುವುದು ನ್ಯಾಯವಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸಿದ ಕೇಂದ್ರ ಶಾಸನವು 1976ರಲ್ಲಿ ಅಂಗೀಕೃತವಾಯಿತು.

ಇಟ್ಟಿಗೆ, ಸಿಮೆಂಟು, ಕಬ್ಬಿಣಗಳು ಬಳಕೆಗೆ ಬಂದಂತೆ ಮನೆಕಟ್ಟುವ ಹೊಣೆ ಮೇಸ್ತ್ರಿಗೂ ಗುತ್ತಿಗೆದಾರನಿಗೂ ಸಂದಿತು. 2008ರಲ್ಲಿ ದೇವನಹಳ್ಳಿಯ ಸಮೀಪದಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವು ಕಾರ್ಯಾರಂಭ ಮಾಡಿದ ತರುವಾಯ ಈ ಭಾಗದಲ್ಲಿ ಭೂಮಿಯ ಬೆಲೆಯೂ ಕೂಲಿಯ ದರವೂ ಏರಿ, ಶ್ರಮವಿನಿಮಯವು ಮತ್ತಷ್ಟು ವಿರಳವಾಯಿತು. ಹೊಸಮನೆಯ ಒಕ್ಕಲಿನಂದು ನೆಂಟರಿಷ್ಟರು ಸಲ್ಲಿಸುವ, ಮುಂದೆ ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸಬೇಕಾದ ಮುಯ್ಯಿಯಾದರೋ ಇಂದಿಗೂ ರೂಢಿಯಲ್ಲಿದೆ.