ಹಸಿರು ಉದ್ಯೋಗಗಳು: ಕಾಸರಗೋಡಿನ ಕನ್ನಡ ಮಕ್ಕಳು ತಿಳಿದಿರಬೇಕಾದ ದಾರಿಗಳು

ನೆಲ, ನೀರು, ಕಾಡುಗಳನ್ನು ಕೆಡಿಸದೆ ಬಳಸುವ ಮತ್ತು ಕೆಟ್ಟುದನ್ನು ಸರಿಪಡಿಸುವ ಕೆಲಸಗಳನ್ನು ಇಂದು ಹಸಿರು ಉದ್ಯೋಗಗಳೆಂದು ಕರೆಯಲಾಗುತ್ತಿದೆ. ಸೌರಫಲಕ ಜೋಡಿಸುವ ತಂತ್ರಜ್ಞ, ಮಣ್ಣು ಪರೀಕ್ಷಕ, ಅರಣ್ಯಾಧಿಕಾರಿ, ಕೃಷಿ ವಿಜ್ಞಾನಿ, ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಸದಸ್ಯೆ ಎಲ್ಲರೂ ಈ ಸಾಲಿನವರೇ. ಹೆಸರು ಹೊಸದಾದರೂ ನಮ್ಮಲ್ಲಿ ಕೆಲಸ ಹಳೆಯದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ನೀರನ್ನು ತೋಟಕ್ಕಿಳಿಸಿದ ನಮ್ಮ ಹಿರಿಯರು ಯಾವ ಪದವಿಯನ್ನೂ ಪಡೆದವರಲ್ಲ. ಇಂದು ಅಂತಹ ತಿಳಿವಳಿಕೆಗೆ ಸಂಬಳ ದೊರೆಯಬೇಕಾದರೆ ಪ್ರಮಾಣಪತ್ರ ಬೇಕು. ಅದನ್ನು ಪಡೆಯುವ ದಾರಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ಅಧ್ಯಾಪಕರಾದ ನಾವು ವರ್ಷವರ್ಷವೂ ಕಾಣುತ್ತಿದ್ದೇವೆ.

ಈ ವಿದ್ಯೆ ನಮ್ಮ ಜಿಲ್ಲೆಗೆ ಬರಿಯ ಜೀವನೋಪಾಯದ ಮಾತಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಎಣ್ಮಕಜೆಯಂತಹ ಕನ್ನಡ ಗ್ರಾಮಗಳಲ್ಲಿ ಅದರ ನೋವು ಇನ್ನೂ ಮಾಸಿಲ್ಲ. ಮಣ್ಣನ್ನೂ ನೀರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಊರವರಿಗೆ ಅವರ ಭಾಷೆಯಲ್ಲಿಯೇ ವಿವರಿಸಬಲ್ಲವರು ಊರಿನಲ್ಲಿಯೇ ಬೇಕೆಂದು ನಾವು ಹೇಳುವುದು ಈ ಕಾರಣಕ್ಕೆ.

ಕಲಿಯುವ ಸ್ಥಳಗಳು ದೂರವಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ, 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿ.ಪಿ.ಸಿ.ಆರ್.ಐ. ಕಾಸರಗೋಡಿನಲ್ಲಿಯೇ ಇದೆ. ಪಡನ್ನಕ್ಕಾಡಿನಲ್ಲಿ ಕೇರಳ ಕೃಷಿ ವಿಶ್ವವಿದ್ಯಾನಿಲಯದ ಕಾಲೇಜಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ಪದವಿಯಿದೆ.

ತೊಡಕಿರುವುದು ಪ್ರವೇಶದಲ್ಲಿ. ಕೇರಳದಲ್ಲಿ ಕೃಷಿ, ಅರಣ್ಯ, ಪಶುವೈದ್ಯ, ಮೀನುಗಾರಿಕೆ ಪದವಿಗಳಿಗೆ ಸೇರಲು ಪ್ಲಸ್ ಟುವಿನಲ್ಲಿ ಜೀವಶಾಸ್ತ್ರ ಓದಿ ನೀಟ್ ಪರೀಕ್ಷೆ ಬರೆಯಬೇಕು. ನೀಟ್ ಎಂದರೆ ವೈದ್ಯರಾಗುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮ ಪೋಷಕರಲ್ಲಿ ಗಾಢವಾಗಿದೆ. ಕೆಲವು ಅಧ್ಯಾಪಕರಲ್ಲಿಯೂ ಇದೆ ಎಂದು ಸಂಕೋಚದಿಂದಲೇ ಹೇಳುತ್ತೇವೆ. ನೀಟ್ ಬರೆದರಷ್ಟೇ ಸಾಲದು. ರಾಜ್ಯ ಪ್ರವೇಶ ಪರೀಕ್ಷಾ ಆಯುಕ್ತರಿಗೆ ‘ಕೀಮ್’ ಅರ್ಜಿಯನ್ನೂ ಸಕಾಲದಲ್ಲಿ ಸಲ್ಲಿಸಿ, ಆ ಬಳಿಕ ನೀಟ್ ಫಲಿತಾಂಶವನ್ನು ಅಲ್ಲಿ ದಾಖಲಿಸಬೇಕು. ಅಡಿಕೆ ಕೃಷಿಕರ ಮನೆಯ ಹುಡುಗನೊಬ್ಬ, ನಮ್ಮ ಹಳೆಯ ವಿದ್ಯಾರ್ಥಿ, ಕೃಷಿ ಪದವಿಗೆ ಸಾಕಾಗುವಷ್ಟು ಅಂಕ ಪಡೆದೂ ಕೀಮ್ ಅರ್ಜಿ ಹಾಕದ ಕಾರಣ ಪಟ್ಟಿಯಲ್ಲಿ ಸೇರಲೇ ಇಲ್ಲ. ಅವನಿಗೆ ಆ ಮಾತನ್ನು ಹೇಳಬೇಕಾಗಿದ್ದವರು ನಾವು.

ಇನ್ನೊಂದು ಸಂಗತಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇದೆ, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರವನ್ನು ಆರಿಸಿದವರಿಗೆ ಅದು ಸಿಗದು. ಮಂಗಳೂರಿನಂತಹ ಕೇಂದ್ರವನ್ನೇ ಆರಿಸಬೇಕು. ಹತ್ತರವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪಠ್ಯಕ್ಕೆ ಹೊರಳಿದ ಮಗುವಿಗೆ, ಎರಡೂ ಭಾಷೆಗಳನ್ನು ಜೊತೆಯಲ್ಲಿ ಅಚ್ಚಿಸಿದ ಆ ಪತ್ರಿಕೆ ದೊಡ್ಡ ಆಸರೆ. ಕನ್ನಡ ಅಧಿಕೃತ ಅಲ್ಪಸಂಖ್ಯಾತ ಭಾಷೆಯಾಗಿರುವ ಜಿಲ್ಲೆಯಲ್ಲಿ ಈ ಸೌಲಭ್ಯವಿಲ್ಲದಿರುವುದು ನ್ಯಾಯವಲ್ಲ. ಭಾಷಾ ಅಲ್ಪಸಂಖ್ಯಾತರ ಬೇಡಿಕೆಗಳ ಪಟ್ಟಿಗೆ ಇದನ್ನೂ ಸೇರಿಸಬೇಕು.

ಕರ್ನಾಟಕದ ಬಾಗಿಲೂ ತೆರೆದಿದೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿಗೆ, ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯಗಳಿಗೆ ಸಿ.ಇ.ಟಿ. ಮೂಲಕ ಪ್ರವೇಶ. ಗಡಿನಾಡ ಕನ್ನಡಿಗರ ನಿಯಮದಡಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳವರು ಅರ್ಜಿ ಸಲ್ಲಿಸಬಹುದು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದವರಿಗೂ ಇದೇ ನಿಯಮ ಅನ್ವಯ. ಇದಕ್ಕೆ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆಯಿದೆ. ಪ್ರಶ್ನೆಗಳು ನಾಲ್ಕನೆಯ ತರಗತಿಯ ಮಟ್ಟದವು. ಮನೆಯಲ್ಲಿ ಕನ್ನಡವಾಡಿಯೂ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಯದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ವಾಸ ಮತ್ತು ವ್ಯಾಸಂಗದ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕು.

ಎಲ್ಲರೂ ಪದವಿಯನ್ನೇ ಹಿಡಿಯಬೇಕಾಗಿಲ್ಲ. ವೃತ್ತಿಪರ ಹೈಯರ್ ಸೆಕೆಂಡರಿಯಲ್ಲಿ ಕೃಷಿ ವಿಷಯ ಓದಿದವರು ಕೃಷಿಭವನದ ಕೃಷಿ ಸಹಾಯಕ ಹುದ್ದೆಗೆ ಪ್ರಯತ್ನಿಸಬಹುದು. ಪ್ಲಸ್ ಟು ಆದವರಿಗೆ ಬೀಟ್ ಫಾರೆಸ್ಟ್ ಆಫೀಸರ್ ಹುದ್ದೆಯಿದೆ. ತೆಂಗು ಅಭಿವೃದ್ಧಿ ಮಂಡಳಿಯು ಯಂತ್ರದ ನೆರವಿನಿಂದ ತೆಂಗಿನ ಮರವೇರುವ ತರಬೇತಿ ನೀಡುತ್ತದೆ. ಇದನ್ನು ಕೀಳೆಂದು ಭಾವಿಸುವವರು ಕಾಯಿ ಕೀಳಿಸಲು ಒಬ್ಬರೂ ಸಿಗದೆ ವಾರಗಟ್ಟಲೆ ಕಾದ ಅನುಭವವನ್ನು ನೆನಪಿಸಿಕೊಳ್ಳಲಿ.

ಸೌರವಿದ್ಯುತ್ತಿನ ಕ್ಷೇತ್ರಕ್ಕೆ ಐ.ಟಿ.ಐ. ಸಾಕು. ಅಂಬಲತ್ತರದಲ್ಲಿಯೂ ಮಂಜೇಶ್ವರ ತಾಲೂಕಿನ ಪೈವಳಿಕೆಯಲ್ಲಿಯೂ ತಲಾ 50 ಮೆಗಾವಾಟ್ ಸೌರ ಸ್ಥಾವರಗಳಿವೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು 1 ಕೋಟಿ ಮನೆಗಳ ಛಾವಣಿಯ ಗುರಿ ಹೊಂದಿದೆ. ಎಲೆಕ್ಟ್ರಿಷಿಯನ್ ಅಥವಾ ವಯರ್‌ಮನ್ ಕಲಿತವರಿಗಾಗಿ ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ‘ಸೂರ್ಯಮಿತ್ರ’ ತರಬೇತಿ ಸುಮಾರು ಮೂರು ತಿಂಗಳಿನದು. ಪೈವಳಿಕೆಯ ಫಲಕಗಳನ್ನು ನೋಡಲು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದೊಯ್ದಾಗ, ಇಲ್ಲಿ ಕೆಲಸಕ್ಕೆ ಏನು ಓದಬೇಕು ಎಂದು ಒಬ್ಬಾಕೆ ಕೇಳಿದಳು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.