ನಡುವಿನ ಹೆಸರು ಯಾರದು?

ಮದುವೆಯಾಗಿ ವಡೋದರಾದ ಫತೇಗಂಜ್‌ಗೆ ಬಂದ ಹೊಸತು. ಒಂದು ಅರ್ಜಿಯಲ್ಲಿ ಹೆಸರು ಬರೆದೆ: ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ನಾನು. ಕೌಂಟರಿನಲ್ಲಿದ್ದವರು "ಅಟಕ್?" ಎಂದರು. ಗುಜರಾತಿಯಲ್ಲಿ ಅಟಕ್ ಅಂದರೆ ಅಡ್ಡಹೆಸರು. ನಮಗೆಲ್ಲಿ ಅದು! ಕೆಲಸ ಅಲ್ಲಿಗೇ ನಿಂತಿತು.

ಇಲ್ಲಿನ ಕ್ರಮ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮೋಹನದಾಸ ಕರಮಚಂದ ಗಾಂಧಿ. ನಮ್ಮ ಧಾರವಾಡದ ಕಡೆಯೂ ಹಾಗೇ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮಲೆನಾಡಿನ ಕುವೆಂಪು ಮಾತ್ರ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾವು.

ಕೆಲವು ಅಡ್ಡಹೆಸರುಗಳೇ ಪೂರ್ವಜನ ಹೆಸರು. ಕ್ರಿಕೆಟ್ಟಿನಿಂದ ನಮಗೆಲ್ಲ ಪರಿಚಿತವಾದ ಜಡೇಜಾ ಅಂದರೆ 'ಜಾಡಾನವರು' ಎನ್ನುತ್ತಾರೆ; ಕಚ್ಛಿಯಲ್ಲಿ 'ಜಾ' ನಮ್ಮ ಷಷ್ಠಿಯ 'ಅ' ಇದ್ದಂತೆ. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಇದೇ ಜಡೇಜಾ ಮನೆತನದವರು. ಯುದ್ಧದಲ್ಲಿ ದಿಕ್ಕು ತಪ್ಪಿದ ನೂರಾರು ಪೋಲೆಂಡ್ ಮಕ್ಕಳಿಗೆ 1942ರಲ್ಲಿ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟವರು. ಮಕ್ಕಳು ಅವರನ್ನು ಬಾಪು ಎನ್ನುತ್ತಿದ್ದರು.

ಆ ಮಕ್ಕಳ ನಾಡಿನಲ್ಲೂ ಅಪ್ಪನ ಹೆಸರಿನ ಬಾಲವಿದೆ: 'ವಿಚ್', ಅಂದರೆ ಮಗ. ಆಡಮೋವಿಚ್ ಆಡಮನ ಮಗ. ಅವರ ದೊಡ್ಡ ಕವಿ ಮಿಟ್ಸ್ಕ್ಯೆವಿಚ್ ಅವರ ಅಡ್ಡಹೆಸರಲ್ಲಿ ಡಿಮಿತ್ರಿ ಎಂಬ ಹೆಸರಿನ ಮುದ್ದು ರೂಪವಿದೆ. ಆಮೇಲೆ ಇದು ಮನೆತನದ ಹೆಸರಾಗಿ ನಿಂತುಬಿಟ್ಟಿತು. ಹುಡುಗಿ ಹುಟ್ಟಿದರೂ ಆಡಮೋವಿಚ್ಚೇ!

ಹೆಣ್ಣಿಗೆ ಬೇರೆ ಬಾಲಗಳೂ ಇದ್ದವು. ಹಳೆಯ ರೂಢಿಯಲ್ಲಿ ನೊವಾಕನ ಮಗಳು ನೊವಾಕುವ್ನಾ, ಹೆಂಡತಿ ನೊವಾಕೋವಾ. ಮದುವೆಯಾಯಿತೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಈಗ ಆ ರೂಢಿ ಬಹುಮಟ್ಟಿಗೆ ಬಿಟ್ಟುಹೋಗಿದೆ.

ಇದನ್ನು ಓದಿ ನಕ್ಕೆ, ಆಮೇಲೆ ನಗು ನಿಂತಿತು. ಗುಜರಾತಿನಲ್ಲಿ ಮದುವೆಯಾದ ಹೆಣ್ಣಿನ ನಡುವಿನ ಹೆಸರು ಸಾಮಾನ್ಯವಾಗಿ ಗಂಡನದಾಗುತ್ತದೆ. ನನ್ನದೂ ಆಯಿತು, ಯಜಮಾನರ ಊರೇ ಅಟಕ್ ಆಯಿತು. ಅಪ್ಪನ ಅಕ್ಷರ ಉಳಿದಿರುವುದು ಪದವಿ ಪ್ರಮಾಣಪತ್ರದಲ್ಲಿ ಮಾತ್ರ. ಎರಡೂ ಹೆಸರು ನನ್ನದೇ ಎಂದು ಅಫಿಡವಿಟ್ ಮಾಡಿಸಿದ್ದು ಎರಡು ಸಲ.

ಬರುವ ಚಳಿಗಾಲಕ್ಕೆ ಮಗಳ ಮದುವೆ. "ಅಮ್ಮಾ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇ?" ಎಂದಳು. "ನಿನ್ನಿಷ್ಟ ಪುಟ್ಟಿ" ಎಂದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅವಳಪ್ಪ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ಮಗುಚಲಿಲ್ಲ.