ಚೀಲದ ಮೇಲಿನ ಮುದ್ರೆ: ಹಿಂದೂಪುರ–ಕಲ್ಯಾಣದುರ್ಗದ ವ್ಯಾಪಾರದಲ್ಲಿ ಹೆಸರು, ಗುರುತು, ನಂಬಿಕೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದರ ಅಲ್ಪಸ್ವಲ್ಪ ತಿದ್ದಿದ ರೂಪ)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ವಿಷಯ ಕಳಿಸಿದಾಗ ಗೆಳೆಯರು, "ಕನ್ನಡ ಎಂ.ಎ. ಓದೋನಿಗೆ ಬ್ರ್ಯಾಂಡಿಂಗ್ ಯಾಕಪ್ಪಾ?" ಅಂತ ನಕ್ಕಿದ್ರು. ಮೇಡಂ ಮಾತ್ರ, "ಶಾಸನ ಓದಿದ್ದೀಯಲ್ಲ, ಅಲ್ಲಿಂದ ಶುರು ಮಾಡು" ಅಂದರು. ನಾನು ಅದಕ್ಕೂ ಮೊದಲು ನಮ್ಮ ಮನೆಯಿಂದ ಶುರು ಮಾಡ್ತೇನೆ.

ನಮ್ಮದು ಹಿಂದೂಪುರ. ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ಮಂಡಿಗಳ ಊರು. ತಾತನದ್ದು ಬೆಲ್ಲದ ಮಂಡಿ. ಸೀಮೆಎಣ್ಣೆ ಡಬ್ಬದ ತಗಡನ್ನು ಕೊರೆದು ಮಾಡಿದ ಒಂದು ಅಚ್ಚು ಇತ್ತು: ಮೇಲೆ ಬಾಲಚಂದ್ರ, ಕೆಳಗೆ ಮೂರು ಗೀಟು. ಮಸಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಗೋಣಿಚೀಲದ ಮೇಲೆ ಗುರುತು ಮೂಡೋದು. ಇದಕ್ಕೆ 'ಮಾರ್ಕು' ಅಂತಿದ್ರು. ಅಮ್ಮನ ತವರು ಕಲ್ಯಾಣದುರ್ಗದ ಕಡೆ. ಅಲ್ಲಿನ ಚಿಲ್ಲರೆ ಅಂಗಡಿಯವರು ತಾತನ ಹೆಸರು ಹೇಳ್ತಿರಲಿಲ್ಲ, 'ಚಂದ್ರನ ಬೆಲ್ಲ' ಅಂತಲೇ ಕೇಳ್ತಿದ್ರಂತೆ. ಮಳೆಗಾಲದಲ್ಲಿ ಬೆಲ್ಲ ನೀರುಬಿಟ್ಟರೆ ತಾತ ಆ ಚೀಲಕ್ಕೆ ಮಾರ್ಕು ಹಾಕಿಸ್ತಿರಲಿಲ್ಲ. ಕಡಿಮೆ ಬೆಲೆಗೆ ಸ್ಥಳದಲ್ಲೇ ಮಾರಿಬಿಡ್ತಿದ್ರು. ಬ್ರ್ಯಾಂಡ್ ಒಂದೇ ರೀತಿ ಇರಬೇಕು ಅನ್ನೋದಕ್ಕೆ ನನಗೆ ಗೊತ್ತಿರುವ ಮೊದಲ ಅರ್ಥ ಇದು. ಚಿತ್ರ ಒಂದೇ ಇದ್ದರೆ ಸಾಲದು, ಚಿತ್ರದ ಕೆಳಗಿರುವ ಮಾಲೂ ಒಂದೇ ಆಗಿರಬೇಕು.

ಈಗ ಶಾಸನಕ್ಕೆ ಬರೋಣ. ಅಯ್ಯಾವೊಳೆ ಐನೂರ್ವರು ಅನ್ನುವ ವರ್ತಕ ಸಂಘ ನಮಗೆಲ್ಲ ಪಠ್ಯದಲ್ಲೇ ಪರಿಚಯ. ಅಯ್ಯಾವೊಳೆ ಅಂದರೆ ಐಹೊಳೆ. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಒಂದು ಶಾಸನದಲ್ಲಿ ಈ ವರ್ತಕರ ಉದ್ದನೆಯ ಪ್ರಶಸ್ತಿ ಇದೆ. ಅವರು ತಿರುಗಿದ ದೇಶಗಳು, ಹೊತ್ತ ಏಲಕ್ಕಿ, ಲವಂಗ, ಗಂಧ, ಕರ್ಪೂರ ಎಲ್ಲ ಅದರಲ್ಲಿವೆ. ಪರೀಕ್ಷೆಗೆ ಓದುವಾಗ ನಾವು ಪ್ರಶಸ್ತಿ ಭಾಗವನ್ನು ಹಾರಿಸಿ, ದಾನ ಏನು ಕೊಟ್ಟರು ಅಂತ ನೋಡ್ತೀವಿ. ಆದರೆ ಅದೇ ಬಿರುದುಗಳು, ಹೆಚ್ಚೂಕಡಿಮೆ ಅದೇ ಕ್ರಮದಲ್ಲಿ, ಕನ್ನಡ ನಾಡಿನ ಬೇರೆ ಬೇರೆ ಕಡೆ, ಆಂಧ್ರದಲ್ಲಿ, ತಮಿಳುನಾಡಿನಲ್ಲಿ ಸಿಗ್ತವೆ. 'ಐನೂರ್ವರು' ಅನ್ನುವ ಹೆಸರು ಸುಮಾತ್ರಾದ ಬಾರೂಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲೂ ಇದೆ. ಇವರೆಲ್ಲ ಒಂದೇ ಕಚೇರಿಯ ಕೆಳಗೆ ಇದ್ದವರು ಅಂತ ಹೇಳೋದು ಕಷ್ಟ. ಊರೂರಿನ ಗುಂಪುಗಳು ಒಂದೇ ಹೆಸರನ್ನು, ಒಂದೇ ಮಾತುಗಳನ್ನು ಇಟ್ಟುಕೊಂಡು ಬಂದವು ಅನ್ನೋದೇ ನನಗೆ ಸರಿ ಕಾಣ್ತದೆ. ಪರದೇಶದ ಸಂತೆಯಲ್ಲಿ ಆ ಹೆಸರು ಕೇಳಿದವನಿಗೆ ಮಿಕ್ಕ ಪರಿಚಯ ಬೇಕಿರಲಿಲ್ಲ. ಹಾಗೆ ನೋಡಿದರೆ ಪ್ರಶಸ್ತಿ ಬರೀ ಹೊಗಳಿಕೆ ಅಲ್ಲ, ಅದೂ ಒಂದು ಮಾರ್ಕೇ.

ಸಾಹಿತ್ಯದವರಿಗೆ ಇದು ಹೊಸದೇನಲ್ಲ. ವಚನದ ಅಂಕಿತವನ್ನು ನಾವು ಮುದ್ರಿಕೆ ಅಂತಲೂ ಕರೀತೀವಿ. ಕೂಡಲಸಂಗಮದೇವ ಅಂದ ಕೂಡಲೇ ಬಸವಣ್ಣ. ಆ ಅಂಕಿತವನ್ನು ಬದಲಿಸಿದ ಪುಸ್ತಕವೊಂದನ್ನು ಕರ್ನಾಟಕ ಸರ್ಕಾರ ನಿಷೇಧಿಸಿ, 2017ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿದದ್ದು ನೆನಪಿರಬಹುದು. ಅಂಕಿತವನ್ನೂ ಚೀಲದ ಮಾರ್ಕನ್ನೂ ಒಂದೇ ತಕ್ಕಡಿಗೆ ಹಾಕ್ತಾ ಇಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಗುರುತು ಕದಲಿದರೆ ಜನ ಎಷ್ಟು ಕದಲ್ತಾರೆ ಅನ್ನೋದನ್ನಷ್ಟೇ ತೋರಿಸ್ತಾ ಇದ್ದೇನೆ.

ಕದಲದೇ ಉಳಿದದ್ದಕ್ಕೆ ಹಿಂದೂಪುರದ ಯಾವ ಕಿರಾಣಿ ಅಂಗಡಿಯಲ್ಲೂ ಸಾಕ್ಷಿ ಸಿಗ್ತದೆ: ಮೈಸೂರ್ ಸ್ಯಾಂಡಲ್ ಸೋಪು. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆ ಕಾರ್ಖಾನೆ ತೆರೆಯಿತು, 1918ರಲ್ಲಿ ಸೋಪು ಬಂತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. 1980ರಲ್ಲಿ ಕಾರ್ಖಾನೆಯೂ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಆಯಿತು. ಸೋಪಿನ ಹೆಸರು ಮಾತ್ರ ಮೈಸೂರೇ. ಮೊಟ್ಟೆಯಾಕಾರವೂ ಉಳಿದಿದೆ, ಆನೆಯ ತಲೆ, ಸಿಂಹದ ಮೈಯ ಶರಭವೂ ಉಳಿದಿದೆ. ಆಂಧ್ರದ ನಮ್ಮ ಕೇರಿಯಲ್ಲಿ ತೆಲುಗು ಮಾತಾಡೋ ಅಜ್ಜಿಯೂ ಕನ್ನಡ ಮಾತಾಡೋ ಅಜ್ಜಿಯೂ ಅದನ್ನು ಒಂದೇ ಹೆಸರಿನಿಂದ ಕೇಳ್ತಾರೆ. 2025ರ ಮೇ ತಿಂಗಳಲ್ಲಿ ನಟಿಯೊಬ್ಬರನ್ನು ಅದರ ರಾಯಭಾರಿ ಮಾಡಿದಾಗ ಕರ್ನಾಟಕದಲ್ಲಿ ದೊಡ್ಡ ಗದ್ದಲವಾಯ್ತಲ್ಲ, ಪಾಪ, ಶರಭ ಇಷ್ಟು ವರ್ಷ ಸಂಬಳವಿಲ್ಲದೇ ಆ ಕೆಲಸ ಮಾಡಿಕೊಂಡು ಬಂದಿದೆ.

ಇದಕ್ಕೆ ಎದುರಾಗಿ ಲೇಪಾಕ್ಷಿ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ಅಚ್ಯುತದೇವರಾಯನ ಕಾಲದಲ್ಲಿ ವಿರುಪಣ್ಣ, ವೀರಣ್ಣ ಅನ್ನುವ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಾಲಯ ಅದು. ಅವರ ತಂದೆ ನಂದಿ ಲಕ್ಕಿಸೆಟ್ಟಿ. ಈ ಊರಿನ ಹೆಸರು ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳಿಗೆ ಬಂತು. ಅಲ್ಲಿನ ಏಕಶಿಲೆಯ ಬಸವನ ಹೆಸರಲ್ಲಿ 1964ರಿಂದ ಸಿನಿಮಾದವರಿಗೆ ನಂದಿ ಪ್ರಶಸ್ತಿ ಕೊಟ್ಟರು. ಕೊಂಡಪಲ್ಲಿಯ ಗೊಂಬೆ ಲೇಪಾಕ್ಷಿಯಲ್ಲಿ ತಯಾರಾಗೋದಿಲ್ಲ. ಆದರೂ 'ಲೇಪಾಕ್ಷಿ' ಅನ್ನುವ ಬೋರ್ಡಿನ ಕೆಳಗೆ ಸಿಕ್ಕರೆ ಅದು ಅಸಲಿ ಮಾಲು ಅಂತ ಗಿರಾಕಿ ನಂಬಿದ. ವರ್ಷಗಟ್ಟಲೆ ಒಂದೇ ಹೆಸರು ಇದ್ದದ್ದರಿಂದ ಬಂದ ನಂಬಿಕೆ ಅದು. 2014ರಲ್ಲಿ ರಾಜ್ಯ ಇಬ್ಭಾಗವಾದ ಮೇಲೆ ತೆಲಂಗಾಣದ ಮಳಿಗೆಗಳು 'ಗೋಲ್ಕೊಂಡ' ಆದವು. ಸಿನಿಮಾ ಪ್ರಶಸ್ತಿಗೂ ಅಲ್ಲಿ ಗದ್ದರ್ ಹೆಸರು ಬಂತು. ತೆಲಂಗಾಣಕ್ಕೆ ತನ್ನದೇ ಹೆಸರು ಬೇಕಿತ್ತು, ಅದು ನ್ಯಾಯವೇ. ಆದರೆ ಹೈದರಾಬಾದಿನ ಗಿರಾಕಿಯ ನಂಬಿಕೆಯನ್ನು ಹೊಸ ಬೋರ್ಡು ಮತ್ತೆ ಮೊದಲಿಂದ ಸಂಪಾದಿಸಬೇಕಾಯ್ತು.

ನನಗೆ ಚುಚ್ಚೋದು ಇನ್ನೊಂದು ಸಂಗತಿ. ಆ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. 'ಲೇಪಾಕ್ಷಿ' ಅನ್ನುವ ಬ್ರ್ಯಾಂಡಿನಲ್ಲಿ ಬಸವ ಇದ್ದಾನೆ, ಸೀರೆಯಂಚಿನ ಬಳ್ಳಿ ಇದೆ, ಜಟಾಯುವಿಗೆ ರಾಮ ತೆಲುಗಿನಲ್ಲಿ 'ಲೇ ಪಕ್ಷಿ', ಏಳು ಪಕ್ಷಿ ಅಂದ ಕಥೆಯೂ ಇದೆ. ಗೋಡೆಯ ಕನ್ನಡ ಅದರೊಳಗೆ ಬರಲೇ ಇಲ್ಲ. ಗುರುತು ಗಟ್ಟಿಯಾಗ್ತಾ ಹೋದಂತೆ ಅದರಿಂದ ಏನೇನು ಉದುರಿಹೋಗ್ತದೆ ಅನ್ನೋದನ್ನೂ ನಾವು ಲೆಕ್ಕಕ್ಕೆ ಇಡಬೇಕು. ಬ್ರ್ಯಾಂಡಿಂಗ್ ಬಗ್ಗೆ ಮಾತಾಡೋರು ಈ ಲೆಕ್ಕ ಇಡೋದು ನಾನಂತೂ ಕಂಡಿಲ್ಲ.

ಚಾಟ್‌ನಲ್ಲಿ ಯಾರೋ ಕೇಳಿದ್ದಾರೆ: ತಾತನ ಮಂಡಿ ಈಗಲೂ ಇದೆಯಾ? ಇಲ್ಲ. ತಾತ ಹೋದ ಮೇಲೆ ಅಪ್ಪ, ಚಿಕ್ಕಪ್ಪ ಪಾಲಾದರು. ಮಾರ್ಕನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ. ಚಿಕ್ಕಪ್ಪ ಚಂದ್ರನ ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆಸಿದರು. ಅಪ್ಪ ಮೂರು ಗೀಟನ್ನು ಎರಡು ಮಾಡಿ ತೆಲುಗಿನಲ್ಲಿ ಹೆಸರು ಹಾಕಿಸಿದರು. ಅದೂ ಎರಡು ವರ್ಷದಲ್ಲಿ ಎರಡು ಸಲ ಬದಲಾಯ್ತು. ಕಲ್ಯಾಣದುರ್ಗದಿಂದ ಹಳೇ ಗಿರಾಕಿಯೊಬ್ಬರು ಬಂದು ಎರಡು ಚೀಲ ಮುಂದಿಟ್ಟುಕೊಂಡು, "ಮೀದಿ ಏದಯ್ಯಾ?" ಅಂದರಂತೆ. ನಿಮ್ಮದು ಯಾವುದಯ್ಯಾ ಅಂತ. ಆ ಮಳೆಗಾಲದಲ್ಲಿ ನೀರುಬಿಟ್ಟ ಬೆಲ್ಲ ಚಂದ್ರನ ಗುರುತಿನಲ್ಲೇ ಹೊರಟಿತ್ತು. ಅದು ಚಿಕ್ಕಪ್ಪನದ್ದು ಅಂತ ಅಪ್ಪ, ಅಪ್ಪನದ್ದು ಅಂತ ಚಿಕ್ಕಪ್ಪ ಇವತ್ತಿಗೂ ಹೇಳ್ತಾರೆ. ಗಿರಾಕಿಗಳಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಅವರು ಎರಡೂ ಅಂಗಡಿ ಬಿಟ್ಟರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮಂಡಿ ಮುಚ್ಚಿತು.

ಕೊನೇ ಸ್ಲೈಡಿನಲ್ಲಿ ಇರೋದು ಆ ತಗಡಿನ ಅಚ್ಚು, ಅಟ್ಟದಲ್ಲಿ ಸಿಕ್ಕಿತು. ಸರ್ ಕೇಳ್ತಿದ್ದಾರೆ, ಅದರ ಮೇಲಿನ ಲಿಪಿ ಕನ್ನಡವೋ ತೆಲುಗೋ ಅಂತ. ಅಕ್ಷರವೇ ಇಲ್ಲ ಸರ್. ಎರಡೂ ಭಾಷೆಯ ಹಮಾಲಿಗಳು ಓದೋದಕ್ಕೆ ಮಾಡಿದ್ದು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆ, 2022ರಿಂದ ಹಾಗೆ. ಎರಡೂ ಕಡೆಯ ಹಳೇ ಅಂಗಡಿಗಳಲ್ಲಿ ಇಂಥ ಅಚ್ಚುಗಳನ್ನು ಹುಡುಕ್ತಾ ಇದ್ದೇನೆ. ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ತುಕ್ಕು ಉಜ್ಜಬೇಡಿ, ಹಾಗೇ ಫೋಟೊ ತೆಗೆದು ಕಳಿಸಿ.